ವಿಮಾನದ ಎಣ್ಣೆಗೆ ಆಮ್ಲಜನಕ ಎಲ್ಲಿ ಬೇಕು, ಎಲ್ಲಿ ಬೇಡ?

ಕೆರೆಕೋಡಿ (ಮಂಡ್ಯ)

ಪಿಯು ಮಕ್ಕಳ ದಹನಕ್ರಿಯೆ ಪಾಠಕ್ಕೆ ಈ ಸಲ ವಿಮಾನದ ಎಣ್ಣೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತಿದ್ದೇನೆ. ಮೂರು ವಿಷಯ ಖಚಿತವಾಗಿ ಬೇಕು. ಒಂದು ಕೆಜಿ ಎಣ್ಣೆ ಪೂರ್ತಿ ಉರಿಯಲು ಎಷ್ಟು ಆಮ್ಲಜನಕ ಬೇಕು? 35,000 ಅಡಿ ಮೇಲೆ ಮನುಷ್ಯನಿಗೇ ಉಸಿರು ಸಾಲದು, ಅಲ್ಲಿ ಎಂಜಿನ್ ಹೇಗೆ ಉರಿಯುತ್ತದೆ, ವಿಮಾನದಲ್ಲಿರುವ ಆಕ್ಸಿಜನ್ ಸಿಲಿಂಡರ್‌ನಿಂದ ಅದಕ್ಕೂ ಹೋಗುತ್ತದೆಯೇ? ಎಣ್ಣೆಯೊಳಗೇ ಆಮ್ಲಜನಕ ಕರಗಿರುತ್ತದೆ ಅನ್ನುತ್ತಾರಲ್ಲ, ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ? ತಿಳಿದವರು ಲೆಕ್ಕದ ಸಮೇತ ಹೇಳಿ.

ಸಕ್ಕರೆನಾಡು

ಲೆಕ್ಕ ನಾನು ಕೊಡ್ತೀನಿ ಮೇಷ್ಟ್ರೇ. ಜೆಟ್ ಎ-1 ಅಂದರೆ ಚೆನ್ನಾಗಿ ಶುದ್ಧ ಮಾಡಿದ ಸೀಮೆಎಣ್ಣೆಯೇ. 8ರಿಂದ 16 ಇಂಗಾಲ ಇರುವ ನೂರಾರು ಬಗೆಯ ಹೈಡ್ರೋಕಾರ್ಬನ್ ಅದರಲ್ಲಿ ಬೆರೆತಿರುತ್ತವೆ. ಲೆಕ್ಕಕ್ಕೆ ಸರಾಸರಿ ಅಣುವಿನಲ್ಲಿ 12 ಇಂಗಾಲ, 23 ಜಲಜನಕ ಅಂತ ಹಿಡಿಯುತ್ತಾರೆ. ಅಣುತೂಕ 167 ಆಯಿತು. ಇಂಗಾಲಕ್ಕೆ 12 ಆಮ್ಲಜನಕದ ಅಣು, ಜಲಜನಕಕ್ಕೆ 5.75. ಕೂಡಿದರೆ 17.75, ಅದನ್ನು 32ರಿಂದ ಗುಣಿಸಿ, 568. 568ನ್ನು 167ರಿಂದ ಭಾಗಿಸಿದರೆ 3.4. ಅಂದರೆ ಒಂದು ಕೆಜಿ ಎಣ್ಣೆಗೆ 3.4 ಕೆಜಿ ಆಮ್ಲಜನಕ. ಗಾಳಿಯ ತೂಕದಲ್ಲಿ ಆಮ್ಲಜನಕ ಸುಮಾರು ಶೇ 23, ಹಾಗಾಗಿ ಗಾಳಿ 14.7 ಕೆಜಿ ಬೇಕು.

ಹೊರಗೆ ಬರೋದು 3.16 ಕೆಜಿ ಇಂಗಾಲದ ಡೈಆಕ್ಸೈಡ್, 1.24 ಕೆಜಿ ನೀರಾವಿ. ಎರಡೂ ಬದಿ ಕೂಡಿ ನೋಡಿ, 4.4ಕ್ಕೆ 4.4. ಒಂದು ಕೆಜಿ ಎಣ್ಣೆಯಿಂದ ಮೂರು ಕೆಜಿ ಅನಿಲ ಎಲ್ಲಿಂದ ಬಂತು ಅಂತ ಮಕ್ಕಳು ಕೇಳೇ ಕೇಳ್ತಾರೆ. ಆ ತೂಕ ಗಾಳಿಯಿಂದ ಬಂತು ಅನ್ನೋದನ್ನ ಬೋರ್ಡ್ ಮೇಲೆ ತೋರಿಸಿಬಿಡಿ.

ಮೈಸೂರಿಗೆ ಬರುವ ಎಟಿಆರ್ 72 ತರಹದ ವಿಮಾನ ಗಂಟೆಗೆ 600ರಿಂದ 700 ಕೆಜಿ ಎಣ್ಣೆ ಕುಡಿಯುತ್ತೆ. 650 ಅಂತ ಇಟ್ಟುಕೊಂಡರೆ ಗಂಟೆಗೆ 2.2 ಟನ್ ಆಮ್ಲಜನಕ. ಇಡೀ ವಿಮಾನದ ಟ್ಯಾಂಕಿಗೆ ಹಿಡಿಸೋದೇ 5 ಟನ್ ಎಣ್ಣೆ. ಅಷ್ಟೂ ಉರಿಯಲು 17 ಟನ್ ಆಮ್ಲಜನಕ ಬೇಕು. ಅದನ್ನ ಹೊತ್ತುಕೊಂಡು ಹಾರೋಕಾಗುತ್ತಾ? ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಹಿನಕಲ್ ಹುಡುಗ

ಸರ್, ಒಂದು ಡೌಟು. 35,000 ಅಡಿಯಲ್ಲಿ ಗಾಳಿಯಲ್ಲಿರೋ ಆಮ್ಲಜನಕ ಶೇ 21ರಿಂದ ಶೇ 5ಕ್ಕೆ ಇಳಿಯುತ್ತೆ ಅಂತ ಓದಿದ್ದೆ. ಹಾಗಾದ್ರೆ ಗಾಳಿ 14.7 ಕೆಜಿ ಅನ್ನೋ ಲೆಕ್ಕ ಅಲ್ಲಿ ಬದಲಾಗಲ್ವಾ?

ಮಂಡಕಳ್ಳಿ ಹ್ಯಾಂಗರ್

ಇಲ್ಲ, ಅದು ತುಂಬ ಕಡೆ ತಪ್ಪಾಗಿ ಬರೆದಿರುತ್ತಾರೆ. ಪಾಲು ಬದಲಾಗುವುದಿಲ್ಲ. ಚಾಮುಂಡಿಬೆಟ್ಟದ ಮೇಲೂ ಶೇ 20.95, 35,000 ಅಡಿಯಲ್ಲೂ ಶೇ 20.95. ಇಳಿಯುವುದು ಒತ್ತಡ. ಸಮುದ್ರಮಟ್ಟದಲ್ಲಿ 1013 ಹೆಕ್ಟೋಪಾಸ್ಕಲ್ ಇದ್ದದ್ದು ಅಲ್ಲಿ 238. ಒಂದು ಘನ ಮೀಟರ್ ಗಾಳಿಯ ತೂಕ 1.225 ಕೆಜಿಯಿಂದ 0.38 ಕೆಜಿಗೆ ಇಳಿಯುತ್ತದೆ. ಅಷ್ಟೇ ಗಾತ್ರದ ಗಾಳಿಯಲ್ಲಿ ಸಿಗುವ ಆಮ್ಲಜನಕ ಮೂರರಲ್ಲೊಂದು ಪಾಲು ಆಯಿತು. ಶೇ 5 ಅನ್ನುವುದು ನೆಲಮಟ್ಟದ ಒತ್ತಡಕ್ಕೆ ಹೋಲಿಸಿ ಹೇಳುವ ಸಮಾನ ಅಂಕಿ, ಅದನ್ನೇ ಜನ ನಿಜವಾದ ಪಾಲು ಅಂದುಕೊಂಡಿದ್ದಾರೆ. ಕೆಜಿ ಲೆಕ್ಕ ಎಲ್ಲಿ ಹೋದರೂ ಕೆಜಿ ಲೆಕ್ಕವೇ, 14.7 ಹಾಗೇ ಇರುತ್ತದೆ.

ಆಕ್ಸಿಜನ್ ಸಿಲಿಂಡರ್ ಎಂಜಿನ್‌ಗೆ ಹೋಗುವುದೇ ಇಲ್ಲ. ಅದು ಪೈಲಟ್‌ಗಳಿಗೆ, ಕೆಲವು ವಿಮಾನಗಳಲ್ಲಿ ಪ್ರಯಾಣಿಕರಿಗೆ. ಎಂಜಿನ್ ತನ್ನ ಗಾಳಿಯನ್ನು ತಾನೇ ಅದುಮಿಕೊಳ್ಳುತ್ತದೆ. ಈಗಿನ ದೊಡ್ಡ ಎಂಜಿನ್‌ಗಳ ಕಂಪ್ರೆಸರ್ ಗಾಳಿಯನ್ನು 30, 40 ಪಟ್ಟು ಅದುಮುತ್ತದೆ. ಹೊರಗೆ ತೆಳ್ಳಗಿದ್ದ ಗಾಳಿ ದಹನಕೋಣೆಗೆ ಬರುವಾಗ ನೆಲಮಟ್ಟದ್ದಕ್ಕಿಂತ ಎಷ್ಟೋ ಗಟ್ಟಿ.

ಇನ್ನೊಂದು ವಿಷಯ. ಎಂಜಿನ್‌ನ ಒಳಗೆ ಆಮ್ಲಜನಕದ ಕೊರತೆ ಇಲ್ಲ, ಮಿಗುತ್ತದೆ. ದಹನಕೋಣೆಗೆ ಹೋಗುವ ಗಾಳಿಗೂ ಎಣ್ಣೆಗೂ ಒಟ್ಟು ಅನುಪಾತ 45:1ರಿಂದ 130:1. ಬೇಕಿದ್ದದ್ದು 15:1. ಎಲ್ಲವೂ ಒಂದೇ ಕಡೆ ಬೆರೆತರೆ ಜ್ವಾಲೆ ಹೊತ್ತಿ ಉಳಿಯುವುದೇ ಇಲ್ಲ. ಅದಕ್ಕೇ ಐದರಲ್ಲೊಂದು ಪಾಲು ಗಾಳಿ ಮಾತ್ರ ಎಣ್ಣೆ ಚಿಮ್ಮುವ ಬಾಯಿಯ ಹತ್ತಿರ ಸುಳಿಯಾಗಿ ಬರುತ್ತದೆ. ಅಲ್ಲಿ ಅನುಪಾತ 15ರ ಆಸುಪಾಸು, ಉಷ್ಣಾಂಶ 2000 ಡಿಗ್ರಿ ಸೆಲ್ಸಿಯಸ್. ಟರ್ಬೈನ್ ಎಲೆಯ ಲೋಹ ಅದಕ್ಕೆ ಕರಗಿಹೋಗುತ್ತದೆ. ಉಳಿದ ಗಾಳಿ ಕೋಣೆಯ ಗೋಡೆಯ ತೂತುಗಳಿಂದ ಒಳಬಂದು ಬೆಂಕಿಯನ್ನು ತಣಿಸಿ ಟರ್ಬೈನ್‌ಗೆ ಕಳಿಸುತ್ತದೆ.

ಕಂಪ್ರೆಸರ್‌ನಿಂದ ಗಾಳಿ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ನುಗ್ಗುತ್ತದೆ. ಸೀಮೆಎಣ್ಣೆಯ ಜ್ವಾಲೆ ಮುಂದೆ ಸಾಗುವುದು ಸೆಕೆಂಡಿಗೆ ಕೆಲವೇ ಮೀಟರ್. ಸುಳಿ ಇಲ್ಲದಿದ್ದರೆ ಬೀಸುಗಾಳಿಗೆ ಸಿಕ್ಕ ದೀಪದ ಹಾಗೆ ಆರಿಹೋಗುತ್ತದೆ. ಎತ್ತರದಲ್ಲಿ ಎಂಜಿನ್ ಆರಿದರೆ ಪೈಲಟ್ ಮೊದಲು ಕೆಳಗಿಳಿದು ಆಮೇಲೆ ಹೊತ್ತಿಸುವುದೂ ಇದಕ್ಕೇ. ಕಂಪ್ರೆಸರ್ ನಿಧಾನವಾಗಿ ತಿರುಗುತ್ತಿರುವಾಗ ಒಳಗಿನ ಒತ್ತಡ ಸಾಲದು, ಕಿಡಿ ಕೊಟ್ಟರೂ ಹಿಡಿಯುವುದಿಲ್ಲ.

ಸಕ್ಕರೆನಾಡು

ಮಂಡ್ಯದ ಮಕ್ಕಳಿಗೆ ಆಲೆಮನೆ ತೋರಿಸಿದರೆ ಇದು ಇನ್ನೂ ಬೇಗ ಅರ್ಥವಾಗುತ್ತೆ. ಕೊಪ್ಪರಿಗೆ ಕೆಳಗಿನ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಒಟ್ಟಿಗೇ ತುರುಕಿದ ತಕ್ಷಣ ಚಿಮಣಿಯಲ್ಲಿ ಕಪ್ಪು ಹೊಗೆ. ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ಹೊಗೆ ತೆಳ್ಳಗೆ, ಉರಿ ಬೆಳ್ಳಗೆ. ಒಲೆ ಅದೇ, ಸಿಪ್ಪೆ ಅದೇ, ಗಾಳಿ ಸಾಕಾಯಿತೋ ಇಲ್ಲವೋ ಅನ್ನೋದಷ್ಟೇ ವ್ಯತ್ಯಾಸ. ಹಳೇ ಜೆಟ್ ವಿಮಾನಗಳು ಏರುವಾಗ ಬಿಡುತ್ತಿದ್ದ ಕಪ್ಪು ಗೆರೆ ಕೂಡ ಇದೇ: ಎಣ್ಣೆ ಚಿಮ್ಮುವ ಜಾಗದಲ್ಲಿ ಆಮ್ಲಜನಕ ಸಾಲದೆ ಉಳಿದ ಮಸಿ.

ಆಮ್ಲಜನಕವನ್ನ ಹೊತ್ತೇ ಹೋಗಬೇಕಾದ್ದು ರಾಕೆಟ್. ಇಸ್ರೋದವರ ಸೆಮಿಕ್ರಯೋ ಎಂಜಿನ್ ಶುದ್ಧ ಮಾಡಿದ ಸೀಮೆಎಣ್ಣೆಯನ್ನೇ ಉರಿಸುತ್ತೆ, ಜೊತೆಗೆ ಮೈನಸ್ 183 ಡಿಗ್ರಿಯ ದ್ರವ ಆಮ್ಲಜನಕ. ಇಂಥ ಎಂಜಿನ್‌ಗಳಲ್ಲಿ ಒಂದು ಕೆಜಿ ಎಣ್ಣೆಗೆ ಸಾಮಾನ್ಯವಾಗಿ 2.3ರಿಂದ 2.7 ಕೆಜಿ ಆಮ್ಲಜನಕ ಬಿಡ್ತಾರೆ, ಪೂರ್ತಿ 3.4 ಅಲ್ಲ. ಎಣ್ಣೆ ಕೊಂಚ ಹೆಚ್ಚಿದ್ದರೆ ಉರಿ ಸ್ವಲ್ಪ ತಣ್ಣಗಿರುತ್ತೆ, ಹೊರಬರುವ ಅನಿಲ ಹಗುರವಾಗಿ ವೇಗ ಹೆಚ್ಚುತ್ತೆ.

ಹಿನಕಲ್ ಹುಡುಗ

ಟ್ರೈನಿಂಗ್ ವಿಮಾನಗಳಲ್ಲಿ ಕೆಂಪು ಗುಂಡಿಯ ಮಿಕ್ಸ್ಚರ್ ನಾಬ್ ಇರುತ್ತಲ್ಲ ಸರ್, ಅದೂ ಇದಕ್ಕೇನಾ?

ಮಂಡಕಳ್ಳಿ ಹ್ಯಾಂಗರ್

ಹೌದು. ಪಿಸ್ಟನ್ ಎಂಜಿನ್ ಕುಡಿಯುವುದು ಏವ್‌ಗ್ಯಾಸ್ 100ಎಲ್‌ಎಲ್, ಅಂದರೆ ಸೀಸ ಬೆರೆಸಿದ ವಿಮಾನದ ಪೆಟ್ರೋಲ್, ನೀಲಿ ಬಣ್ಣದ್ದು. ಕಾರ್ಬ್ಯುರೇಟರ್ ಗಾಳಿಯನ್ನು ಗಾತ್ರದಲ್ಲಿ ಅಳೆಯುತ್ತದೆ, ತೂಕದಲ್ಲಿ ಅಲ್ಲ. ಗಾಳಿ ತೆಳುವಾದಾಗ ಎಣ್ಣೆ ಅದಕ್ಕೆ ತಕ್ಕಷ್ಟು ಕಡಿಮೆಯಾಗುವುದಿಲ್ಲ, ಮಿಶ್ರಣ ದಪ್ಪವಾಗುತ್ತದೆ. ಅದನ್ನು ಕೈಯಿಂದ ಸರಿಮಾಡಲು ಆ ನಾಬ್.

ಮೈಸೂರಿನಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ಇಲ್ಲಿನ ಮಂಡಕಳ್ಳಿ ವಿಮಾನ ನಿಲ್ದಾಣದ ಎತ್ತರ ಸುಮಾರು 2,400 ಅಡಿ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣಾಂಶ 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ ಹೆಚ್ಚುವರಿ ಒಂದೊಂದು ಡಿಗ್ರಿಗೆ 120 ಅಡಿಯಂತೆ 25 ಡಿಗ್ರಿಗೆ 3,000 ಅಡಿ ಸೇರಿಸಿ. ಎಂಜಿನ್‌ನ ಪಾಲಿಗೆ ಆ ರನ್‌ವೇ 5,400 ಅಡಿ ಎತ್ತರದಲ್ಲಿದೆ. ಅಂದರೆ ಸಮುದ್ರಮಟ್ಟಕ್ಕಿಂತ ಶೇ 15ರಷ್ಟು ಕಡಿಮೆ ಆಮ್ಲಜನಕ. ರನ್‌ವೇ ಉದ್ದ 1,740 ಮೀಟರ್, ಸಣ್ಣ ವಿಮಾನಕ್ಕೆ ಸಾಕು. ಆದರೆ ಮಿಶ್ರಣ ಪೂರ್ತಿ ದಪ್ಪ ಇಟ್ಟು ಓಡಿಸಿದರೆ ಸ್ಪಾರ್ಕ್ ಪ್ಲಗ್‌ಗೆ ಮಸಿ, ಸೀಸದ ಗುಳ್ಳೆ ಕಟ್ಟಿ ಆರ್‌ಪಿಎಂ ಬೀಳುತ್ತದೆ.

ಕ್ರಮ ಹೀಗೆ: ಬ್ರೇಕ್ ಹಿಡಿದು ಥ್ರಾಟಲ್ ಪೂರ್ತಿ ಕೊಡಿ. ಮಿಕ್ಸ್ಚರ್ ನಾಬನ್ನು ನಿಧಾನವಾಗಿ ಎಳೆಯುತ್ತ ಬನ್ನಿ. ಆರ್‌ಪಿಎಂ ಮೊದಲು ಏರಿ, ತುದಿ ಮುಟ್ಟಿ, ಬೀಳತೊಡಗುತ್ತದೆ. ತುದಿಗೆ ವಾಪಸ್ ತಂದು ಅಲ್ಲಿಂದ ತುಸು ಒಳಗೆ ತಳ್ಳಿ ನಿಲ್ಲಿಸಿ. ಯಾವ ಎತ್ತರದ ಮೇಲೆ ಇದನ್ನು ಮಾಡಬೇಕು ಅನ್ನುವುದು ಆಯಾ ವಿಮಾನದ ಕೈಪಿಡಿಯಲ್ಲಿರುತ್ತದೆ, ಅದನ್ನು ಮೀರಬೇಡಿ. ಪೂರ್ತಿ ಶಕ್ತಿಯಲ್ಲಿ ಅತಿಯಾಗಿ ತೆಳು ಮಾಡಿದರೆ ಸಿಲಿಂಡರ್ ತಲೆ ಕಾದು ಒಳಗೆ ಬಡಿತ ಶುರುವಾಗುತ್ತದೆ, ಪಿಸ್ಟನ್ ತೂತು ಬೀಳಲು ಹೆಚ್ಚು ಹೊತ್ತು ಬೇಡ.

ಬೆಟ್ಟದ ತಪ್ಪಲು

ಮೇಷ್ಟ್ರ ಮೂರನೇ ಪ್ರಶ್ನೆಗೆ ಬರುತ್ತೇನೆ. ಇಂಧನದ ಗುಣಮಟ್ಟ ಪರೀಕ್ಷೆಯಲ್ಲಿ ನಮಗೆ ಹೆಚ್ಚು ತಲೆನೋವು ಕೊಡುವ ಆಮ್ಲಜನಕ ಇದೇ.

ಹೌದು, ಕರಗಿರುತ್ತದೆ. ಗಾಳಿಗೆ ತೆರೆದ ಜೆಟ್ ಎ-1ರಲ್ಲಿ ತೂಕದ ಲೆಕ್ಕದಲ್ಲಿ 50ರಿಂದ 70 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಅಷ್ಟು ಪಾಲು. ಸಕ್ಕರೆನಾಡು ಸರ್ ಹೇಳಿದ 5 ಟನ್ ಟ್ಯಾಂಕಿನಲ್ಲಿ ಎಲ್ಲ ಸೇರಿ ಸುಮಾರು 300 ಗ್ರಾಂ. ಉರಿಯುವುದಕ್ಕೆ ಇದು ಲೆಕ್ಕಕ್ಕೇ ಇಲ್ಲ, 90 ಗ್ರಾಂ ಎಣ್ಣೆಯನ್ನೂ ಪೂರ್ತಿ ಸುಡಲಾರದು. ಆದರೆ ಎಣ್ಣೆಯನ್ನು ಕೆಡಿಸಲು ಇಷ್ಟು ಧಾರಾಳ.

ಅಡುಗೆಮನೆಯಲ್ಲಿ ಒಲೆಯ ಪಕ್ಕದ ಎಣ್ಣೆ ಡಬ್ಬಿಯ ಮುಚ್ಚಳದ ಅಂಚು ನೋಡಿ. ಹಳದಿ ಬಣ್ಣದ ಅಂಟು ಪದರ ಕಟ್ಟಿರುತ್ತದೆ, ಉಗುರಿನಿಂದ ಕೆರೆದರೂ ಸುಲಭಕ್ಕೆ ಬಿಡುವುದಿಲ್ಲ, ಸೋಪಿಗೂ ಜಗ್ಗುವುದಿಲ್ಲ. ಎಣ್ಣೆ, ಬಿಸಿ, ಆಮ್ಲಜನಕ ಮೂರೂ ಸೇರಿ ಮಾಡಿದ್ದು ಅದು. ವಿಮಾನದ ಎಂಜಿನ್‌ನಲ್ಲಿ ನಡೆಯುವುದೂ ಇದೇ ರಸಾಯನ. ಬಿಸಿಗೆ ಒಂದು ಅಣುವಿನಿಂದ ಜಲಜನಕ ಕಳಚಿಕೊಂಡು ಮುಕ್ತ ತುಣುಕು ಹುಟ್ಟುತ್ತದೆ. ಕರಗಿದ ಆಮ್ಲಜನಕ ತಕ್ಷಣ ಅದಕ್ಕೆ ಅಂಟಿಕೊಳ್ಳುತ್ತದೆ. ಆ ಜೋಡಿ ಪಕ್ಕದ ಅಣುವಿನಿಂದ ಜಲಜನಕ ಕಿತ್ತು ಪೆರಾಕ್ಸೈಡ್ ಆಗುತ್ತದೆ, ಕಳೆದುಕೊಂಡ ಅಣು ಹೊಸ ತುಣುಕಾಗುತ್ತದೆ. ಸರಪಳಿ ಹೀಗೆ ಸಾಗುತ್ತದೆ. ಕೊನೆಗೆ ಗೋಂದು, ಅದು ಕಾದರೆ ವಾರ್ನಿಶ್, ಇನ್ನೂ ಕಾದರೆ ಕಲ್ಲಿದ್ದಲಿನಂಥ ಗಟ್ಟಿ ಕರಿ.

ಎಂಜಿನ್‌ನಲ್ಲಿ ಎಣ್ಣೆ ಉರಿಯುವುದಕ್ಕೆ ಮುಂಚೆ ತಂಪುಮಾಡುವ ಕೆಲಸವನ್ನೂ ಮಾಡುತ್ತದೆ. ಬಿಸಿಯಾದ ಲೂಬ್ರಿಕೇಟಿಂಗ್ ಆಯಿಲ್ ತನ್ನ ಶಾಖವನ್ನು ಇಂಧನಕ್ಕೆ ಕೊಟ್ಟು ತಣ್ಣಗಾಗುತ್ತದೆ. ಸುಮಾರು 150 ಡಿಗ್ರಿ ದಾಟಿದ ಮೇಲೆ ಆಮ್ಲಜನಕದ ಸರಪಳಿ ಜೋರಾಗುತ್ತದೆ. ಪದರ ಕಟ್ಟುವುದು ಮುಖ್ಯವಾಗಿ ಶಾಖ ವಿನಿಮಯಕದ ಕೊಳವೆಯಲ್ಲಿ, ಎಣ್ಣೆ ಚಿಮ್ಮುವ ನಾಜಲ್‌ನಲ್ಲಿ. ನಾಜಲ್‌ನ ಒಂದು ಪಕ್ಕ ಕರಿ ಕಟ್ಟಿದರೆ ಮಂಜಿನಂತೆ ಹರಡಬೇಕಾದ ಎಣ್ಣೆ ಒಂದೇ ಕಡೆ ಧಾರೆಯಾಗಿ ಬೀಳುತ್ತದೆ, ಆ ಸಾಲಿನಲ್ಲಿ ಟರ್ಬೈನ್‌ನ ಎಲೆ ಸುಡುತ್ತದೆ. ಇಳಿದ ಕೂಡಲೇ ಎಂಜಿನ್ ಆರಿಸದೆ ಕೈಪಿಡಿ ಹೇಳಿದಷ್ಟು ಹೊತ್ತು ಐಡಲ್‌ನಲ್ಲಿ ಬಿಡುವುದಕ್ಕೆ ಇದೂ ಒಂದು ಕಾರಣ. ಹರಿವು ನಿಂತ ನಾಜಲ್‌ಗೆ ಲೋಹದ ಬಿಸಿ ಏರಿ, ಒಳಗೆ ಉಳಿದ ಎಣ್ಣೆ ಅಲ್ಲೇ ಬೆಂದುಹೋಗುತ್ತದೆ.

ಇದನ್ನು ಮೊದಲೇ ಹಿಡಿಯುವ ಪರೀಕ್ಷೆ ಎಎಸ್‌ಟಿಎಂ (ಅಮೆರಿಕದ ಮಾನದಂಡ ಸಂಸ್ಥೆ) ಡಿ3241. ಮೊದಲು ಗಾಳಿ ಹಾಯಿಸಿದ ಎಣ್ಣೆಯನ್ನು ನಿಮಿಷಕ್ಕೆ 3 ಮಿಲಿ ಲೀಟರ್‌ನಂತೆ 150 ನಿಮಿಷ 260 ಡಿಗ್ರಿಯ ಅಲ್ಯೂಮಿನಿಯಂ ಕೊಳವೆಯ ಮೇಲೆ ಹರಿಸುತ್ತಾರೆ. ಮುಂದೆ 17 ಮೈಕ್ರಾನ್ ಜಾಲರಿ. ಜಾಲರಿಯ ಎರಡು ಬದಿಯ ಒತ್ತಡದ ವ್ಯತ್ಯಾಸ ಪಾದರಸದ ಲೆಕ್ಕದಲ್ಲಿ 25 ಮಿಲಿಮೀಟರ್ ಮೀರಬಾರದು. ಆಮೇಲೆ ಕೊಳವೆಯ ಬಣ್ಣ ನೋಡುತ್ತಾರೆ: ಮಾನದಂಡದ 3ನೇ ಬಣ್ಣಕ್ಕಿಂತ ತೆಳುವಿರಬೇಕು, ನವಿಲುಬಣ್ಣ ಕಂಡರೆ ಆ ಎಣ್ಣೆ ನಾಪಾಸು. ಇಲ್ಲಿ ಗಾಳಿಯನ್ನು ಬೇಕೆಂದೇ ಹಾಯಿಸುವುದು ಗಮನಿಸಿ. ಆಮ್ಲಜನಕ ತುಂಬಿದ ಸ್ಥಿತಿಯಲ್ಲೇ ಎಣ್ಣೆ ತಡೆದುಕೊಳ್ಳಬೇಕು.

ಮಾದರಿ ತರುವವರು ಕೆಡಿಸುವುದೂ ಉಂಟು. ತಾಮ್ರ, ಹಿತ್ತಾಳೆ, ಬೆಸುಗೆ ಹಾಕಿದ ತವರದ ಡಬ್ಬಿ ಬೇಡ. ತಾಮ್ರ ಈ ಸರಪಳಿಗೆ ವೇಗವರ್ಧಕ, ಶತಕೋಟಿಯಲ್ಲಿ ಕೆಲವು ಹತ್ತು ಪಾಲು ಇದ್ದರೂ ಸಾಕು. ಒಳಗೆ ಎಪಾಕ್ಸಿ ಬಳಿದ ಡಬ್ಬಿಯನ್ನು ಅದೇ ಎಣ್ಣೆಯಿಂದ ಮೂರು ಸಲ ತೊಳೆದು ತುಂಬಿ.

ತಡೆಯಲು ಹಾಕುವುದು ಫೀನಾಲ್ ಜಾತಿಯ ಆಂಟಿಆಕ್ಸಿಡೆಂಟ್, ಲೀಟರಿಗೆ ಗರಿಷ್ಠ 24 ಮಿಲಿಗ್ರಾಂ. ಖಾದ್ಯ ಎಣ್ಣೆಗೆ ಹಾಕುವ ಬಿಎಚ್‌ಟಿ ಇದೇ ಕುಟುಂಬದ್ದು. ಜಲಜನಕ ಹಾಯಿಸಿ ಶುದ್ಧ ಮಾಡಿದ ಎಣ್ಣೆಗೆ ಅದು ರಿಫೈನರಿಯಲ್ಲೇ, ಗಾಳಿ ಸೋಕುವ ಮುಂಚೆ ಬೀಳಬೇಕು. ಆ ಶುದ್ಧೀಕರಣದಲ್ಲಿ ಗಂಧಕದ ಜೊತೆ ಎಣ್ಣೆಯ ಸ್ವಂತ ರಕ್ಷಕ ಅಣುಗಳೂ ಹೋಗಿರುತ್ತವೆ. ಪೆರಾಕ್ಸೈಡ್ ಕಟ್ಟಿದ ಮೇಲೆ ಹಾಕಿದರೆ ಹಾಳಾದದ್ದು ಸರಿಹೋಗುವುದಿಲ್ಲ.

ಕೆರೆಕೋಡಿ (ಮಂಡ್ಯ)

ಮೇಡಂ, ಡಬ್ಬಿ ಮುಚ್ಚಳದ ಉದಾಹರಣೆ ನೇರವಾಗಿ ತರಗತಿಗೆ ಹೋಗುತ್ತದೆ, ಧನ್ಯವಾದ. ಇನ್ನೊಂದು ಕೇಳಲೇ? ಎಣ್ಣೆ ಇದೆ, ಮೇಲೆ ಗಾಳಿ ಇದೆ, ಇನ್ನು ಕಿಡಿ ಬಿದ್ದರೆ ಆಯಿತು. ಟ್ಯಾಂಕು ಯಾಕೆ ಸ್ಫೋಟವಾಗುವುದಿಲ್ಲ? ಮಂಡ್ಯದ ಬೇಸಿಗೆಯೇ 37, 38 ಡಿಗ್ರಿ ಮುಟ್ಟುತ್ತದೆ, ಜೆಟ್ ಎ-1ರ ಫ್ಲಾಶ್ ಪಾಯಿಂಟ್ (ಎಣ್ಣೆಯ ಮೇಲಿನ ಆವಿ ಕಿಡಿಗೆ ಹೊತ್ತುವಷ್ಟಾಗುವ ಉಷ್ಣಾಂಶ) ಕೂಡ 38 ಅಂತ ಓದಿದೆ.

ಮಂಡಕಳ್ಳಿ ಹ್ಯಾಂಗರ್

38 ಅನ್ನುವುದು ಕನಿಷ್ಠ ಮಿತಿ, ಬಹುತೇಕ ಎಣ್ಣೆ ಅದಕ್ಕಿಂತ ಕೆಲವು ಡಿಗ್ರಿ ಮೇಲೆಯೇ ಇರುತ್ತದೆ. ಆದರೂ ನಿಮ್ಮ ಅನುಮಾನ ಸರಿ. ಆವಿಯ ಪಾಲು ಗಾಳಿಯಲ್ಲಿ ಶೇ 0.6ರಿಂದ ಶೇ 4.7ರ ನಡುವೆ ಇದ್ದರೆ ಮಾತ್ರ ಹೊತ್ತುತ್ತದೆ. ತಣ್ಣಗಿನ ಸೀಮೆಎಣ್ಣೆಯ ಮೇಲೆ ಆವಿ ಅಷ್ಟಿಲ್ಲ. ರೆಕ್ಕೆಯ ಟ್ಯಾಂಕು ಹಾರುವಾಗ ಬೇಗ ತಣ್ಣಗಾಗುತ್ತದೆ. ತೊಂದರೆ ಕೊಡುವುದು ಹೊಟ್ಟೆಯ ನಡುವಿನ ಟ್ಯಾಂಕು, ಅದರಲ್ಲೂ ಅದರ ಕೆಳಗೆ ಎಸಿ ಯಂತ್ರ ಇರುವಂಥದ್ದು.

1996ರ ಜುಲೈ 17ರಂದು ನ್ಯೂಯಾರ್ಕ್‌ನಿಂದ ಹೊರಟ ಟಿಡಬ್ಲ್ಯೂಎ 800 ಹೀಗೇ ಸ್ಫೋಟಿಸಿ 230 ಜನ ಸತ್ತರು. ನಡುವಿನ ಟ್ಯಾಂಕು ಬಹುಮಟ್ಟಿಗೆ ಖಾಲಿ, ತಳದಲ್ಲಿ ಸ್ವಲ್ಪ ಎಣ್ಣೆ, ಕೆಳಗಿನ ಎಸಿಯ ಬಿಸಿ. ಸ್ವಲ್ಪ ಎಣ್ಣೆ ಬೇಗ ಕಾಯುತ್ತದೆ, ಮೇಲೆ ಗಾಳಿಗೆ ಜಾಗ ಬೇಕಾದಷ್ಟು. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಆದರೆ ಆವಿಯ ಒತ್ತಡ ಎಣ್ಣೆಯ ಬಿಸಿಯನ್ನಷ್ಟೇ ನೋಡುತ್ತದೆ. ಆವಿಯ ಪಾಲು ಏರುತ್ತದೆ, ನೆಲದ ಮೇಲೆ ಹೊತ್ತದ ಮಿಶ್ರಣ ಎತ್ತರದಲ್ಲಿ ಹೊತ್ತುವಂತಾಗುತ್ತದೆ.

ಕಿಡಿಯನ್ನು ತಡೆಯುವುದರ ಜೊತೆಗೆ ಆಮ್ಲಜನಕವನ್ನೇ ಕಡಿಮೆ ಮಾಡಬೇಕು ಅನ್ನುವ ತೀರ್ಮಾನ ಆಮೇಲೆ ಗಟ್ಟಿಯಾಯಿತು, 2008ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ನಿಯಮ ತಂದಿತು. ಎಂಜಿನ್‌ನಿಂದ ತೆಗೆದ ಬಿಸಿ ಗಾಳಿಯನ್ನು ತಣಿಸಿ, ಸೋಸಿ, ಕೂದಲೆಳೆಯಂಥ ಟೊಳ್ಳು ನಾರಿನ ಕಟ್ಟಿನೊಳಗೆ ಹಾಯಿಸುತ್ತಾರೆ. ಆಮ್ಲಜನಕ ನಾರಿನ ಗೋಡೆಯಿಂದ ಬೇಗ ಜಾರಿ ಹೊರಹೋಗುತ್ತದೆ, ಸಾರಜನಕ ಹೆಚ್ಚಿದ ಗಾಳಿ ತುದಿಯಿಂದ ಟ್ಯಾಂಕಿಗೆ. ಟ್ಯಾಂಕಿನ ಆಮ್ಲಜನಕ ಶೇ 12ರ ಕೆಳಗೆ ಇರಬೇಕು, ಯುದ್ಧವಿಮಾನಕ್ಕೆ ಶೇ 9.

ಬೆಟ್ಟದ ತಪ್ಪಲು

ಇದಕ್ಕೆ ಒಂದು ಮಾತು ಸೇರಿಸಲೇಬೇಕು. ಆಮ್ಲಜನಕ ಸಾರಜನಕಕ್ಕಿಂತ ಸುಮಾರು ಎರಡು ಪಟ್ಟು ಸುಲಭವಾಗಿ ಎಣ್ಣೆಯಲ್ಲಿ ಕರಗುತ್ತದೆ. ಹಾಗಾಗಿ ಕರಗಿದ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ 21 ಅಲ್ಲ, ಶೇ 35ರ ಹತ್ತಿರ. ವಿಮಾನ ಏರುವಾಗ ಒತ್ತಡ ಇಳಿದು, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ, ಅದು ಎಣ್ಣೆಯಿಂದ ಎದ್ದು ಬರುತ್ತದೆ. ಶೇ 12ಕ್ಕೆ ಇಳಿಸಿದ್ದ ಟ್ಯಾಂಕಿನ ಆಮ್ಲಜನಕ ಮತ್ತೆ ಏರುತ್ತದೆ. ಟ್ಯಾಂಕು ತುಂಬಿದಷ್ಟೂ ಇದು ಹೆಚ್ಚು, ಯಾಕೆಂದರೆ ಮೇಲಿನ ಜಾಗ ಸಣ್ಣದು, ಎದ್ದು ಬರುವ ಅನಿಲ ಜಾಸ್ತಿ. ವ್ಯವಸ್ಥೆಯ ಸಾಮರ್ಥ್ಯ ಲೆಕ್ಕಹಾಕುವಾಗ ಇದನ್ನು ಬಿಟ್ಟರೆ ಉತ್ತರ ತಪ್ಪಾಗುತ್ತದೆ.

ಹಿನಕಲ್ ಹುಡುಗ

ಮಂಡ್ಯದ ಕಬ್ಬಿನಿಂದ ಬರೋ ಎಥನಾಲ್ ವಿಮಾನಕ್ಕೆ ಹಾಕಬಹುದಲ್ವಾ? ಅದರ ಅಣುವಿನಲ್ಲೇ ಆಮ್ಲಜನಕ ಇದೆ, ಇನ್ನೂ ಚೆನ್ನಾಗಿ ಉರಿಯಬೇಕಲ್ಲ?

ಸಕ್ಕರೆನಾಡು

ಅಲ್ಲೇ ಇರೋದು ತೊಡಕು ತಮ್ಮಾ. ಎಥನಾಲ್ ತೂಕದಲ್ಲಿ ಶೇ 35 ಆಮ್ಲಜನಕ. ಅಷ್ಟು ಪಾಲು ಆಗಲೇ ಅರ್ಧ ಉರಿದ ಸೌದೆ ಇದ್ದ ಹಾಗೆ. ಅದರಿಂದ ಹೊಸ ಶಾಖ ಬರಲ್ಲ, ತೂಕ ಮಾತ್ರ ಹೊರಬೇಕು. ಜೆಟ್ ಎ-1 ಕೆಜಿಗೆ ಕನಿಷ್ಠ 42.8 ಮೆಗಾಜೂಲ್ ಕೊಡಬೇಕು ಅನ್ನೋದು ನಿಯಮ, ಎಥನಾಲ್ ಕೊಡೋದು 26.8. 1,000 ಕೆಜಿ ಬದಲು 1,600 ಕೆಜಿ ಹೊರಬೇಕಾಗುತ್ತೆ. ನೆಲದ ಮೇಲೆ ಓಡೋ ಬೈಕಿಗೆ ಪರವಾಗಿಲ್ಲ, ಜೆಟ್ ವಿಮಾನಕ್ಕೆ ಒಗ್ಗಲ್ಲ. ಜೊತೆಗೆ ನೀರು ಹೀರಿಕೊಳ್ಳುತ್ತೆ, ಫ್ಲಾಶ್ ಪಾಯಿಂಟ್ ಸುಮಾರು 13 ಡಿಗ್ರಿ.

ಹಾಗಂತ ಕಬ್ಬಿಗೆ ದಾರಿ ಇಲ್ಲ ಅಂತಲ್ಲ. ಎಥನಾಲ್‌ನಿಂದ ಆಮ್ಲಜನಕವನ್ನ ನೀರಾಗಿ ತೆಗೆದು ಎಥಿಲೀನ್ ಮಾಡ್ತಾರೆ. 46 ಕೆಜಿಗೆ 28 ಕೆಜಿ ಎಥಿಲೀನ್, 18 ಕೆಜಿ ನೀರು. ಆ ಎಥಿಲೀನನ್ನ ಕೊಂಡಿ ಕೊಂಡಿಯಾಗಿ ಜೋಡಿಸಿ, ಜಲಜನಕ ಹಾಯಿಸಿ, ಬಟ್ಟಿ ಇಳಿಸಿದರೆ ವಿಮಾನದ ಎಣ್ಣೆ. ಎಎಸ್‌ಟಿಎಂ ಡಿ7566 ಎಥನಾಲ್ ಮೂಲದ್ದಕ್ಕೆ 2018ರಲ್ಲಿ ಒಪ್ಪಿಗೆ ಕೊಟ್ಟಿದೆ, ಮಾಮೂಲಿ ಎಣ್ಣೆ ಜೊತೆ ಅರ್ಧದಷ್ಟು ಬೆರೆಸಬಹುದು. ಏನೂ ನಷ್ಟವಾಗದಿದ್ದರೂ ಒಂದು ಲೀಟರ್ ಎಥನಾಲ್‌ಗೆ ಮುಕ್ಕಾಲು ಲೀಟರ್‌ಗಿಂತ ಕಡಿಮೆಯೇ ಬರೋದು. ರೈತನ ಕಬ್ಬಿಗೆ ಬೆಲೆ ಲೆಕ್ಕಹಾಕೋರು ಇದನ್ನ ಮರೆಯಬಾರದು.

ಹೊಂಗೆ ಎಣ್ಣೆಯದ್ದೂ ಇದೇ ಕತೆ. ಯಾವುದೇ ಸಸ್ಯದೆಣ್ಣೆಯಲ್ಲಿ ಆಮ್ಲಜನಕ ಶೇ 11ರಷ್ಟು, ಅದನ್ನ ಜಲಜನಕದಿಂದ ಕಿತ್ತು ಹಾಕಬೇಕು. ಆಮ್ಲಜನಕ ಉಳಿಸಿಕೊಂಡಿರೋ ಬಯೋಡೀಸೆಲ್ ಜೆಟ್ ಎ-1ರಲ್ಲಿ ಕೆಜಿಗೆ 50 ಮಿಲಿಗ್ರಾಂ ದಾಟಬಾರದು. ಬಯೋಡೀಸೆಲ್ ಸಾಗಿಸಿದ ಟ್ಯಾಂಕರನ್ನ ಸರಿಯಾಗಿ ತೊಳೆಯದೆ ಇದನ್ನ ತುಂಬಿದರೆ ಆ ಮಿತಿ ದಾಟೋದು ಸುಲಭ.

ಮಂಡಕಳ್ಳಿ ಹ್ಯಾಂಗರ್

ಹಿನಕಲ್‌ನವರು ಈ ಕೆಲಸ ಕಲಿಯುತ್ತಿದ್ದೀರಿ ಅನಿಸುತ್ತದೆ, ಹಾಗಾಗಿ ಆಕ್ಸಿಜನ್ ಬಾಟಲಿಯ ವಿಷಯ ಹೇಳಿಬಿಡುತ್ತೇನೆ. 1,850 ಪಿಎಸ್‌ಐ ಒತ್ತಡದ ಶುದ್ಧ ಆಮ್ಲಜನಕಕ್ಕೆ ಎಣ್ಣೆಯ ಒಂದು ಬೆರಳಚ್ಚು ಸಾಕು, ಕಿಡಿಯೇ ಬೇಡ. ವಾಲ್ವ್ ಸರ್ರನೆ ತಿರುಗಿಸಿದರೆ ಮುಂದಿನ ಕೊಳವೆಯ ಅನಿಲ ಒಮ್ಮೆಲೇ ಅದುಮಿಕೊಂಡು ನೂರಾರು ಡಿಗ್ರಿ ಕಾಯುತ್ತದೆ, ಅಲ್ಲಿರುವ ಜಿಡ್ಡು ಹೊತ್ತುತ್ತದೆ, ಆಮೇಲೆ ಲೋಹವೂ ಉರಿಯುತ್ತದೆ. ಅದಕ್ಕೇ ವಾಲ್ವ್ ಕೂದಲೆಳೆಯಷ್ಟು ತೆರೆದು, ಒತ್ತಡ ಸಮವಾಗಲು ಬಿಟ್ಟು, ಆಮೇಲೆ ಪೂರ್ತಿ. ಗ್ರೀಸ್ ಕೈ, ಗ್ರೀಸ್ ಬಟ್ಟೆ, ಎಣ್ಣೆ ಸ್ಪ್ಯಾನರ್, ಲಿಪ್ ಬಾಮ್ ಕೂಡ ಹತ್ತಿರ ಬರಬಾರದು. ಸೋರಿಕೆ ನೋಡಲು ಆಕ್ಸಿಜನ್‌ಗೆಂದೇ ಮಾಡಿದ ದ್ರಾವಣ ಬಳಸಿ, ಬಚ್ಚಲ ಸೋಪು ಬೇಡ. ಬಿಚ್ಚಿದ ಕೊಳವೆಯ ಬಾಯಿಗೆ ತಕ್ಷಣ ಮುಚ್ಚಳ. ವಿಮಾನಕ್ಕೆ ಇಂಧನ ತುಂಬುತ್ತಿರುವಾಗ ಆಕ್ಸಿಜನ್ ಕೆಲಸಕ್ಕೆ ಕೈ ಹಾಕಬೇಡಿ.

ಪ್ರಯಾಣಿಕರ ತಲೆಯ ಮೇಲಿನ ರಾಸಾಯನಿಕ ಆಕ್ಸಿಜನ್ ಡಬ್ಬಿಯನ್ನೂ ಹಗುರವಾಗಿ ಕಾಣಬೇಡಿ. ಒಳಗಿನ ಸೋಡಿಯಂ ಕ್ಲೋರೇಟ್ ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ, ಹೊರಮೈ 250 ಡಿಗ್ರಿ ಮುಟ್ಟಬಹುದು. 1996ರ ಮೇ 11ರಂದು ಅಮೆರಿಕದ ವ್ಯಾಲ್ಯೂಜೆಟ್ 592ರ ಸರಕಿನ ಕೋಣೆಯಲ್ಲಿ ಅವಧಿ ಮುಗಿದ ಇಂಥ ಡಬ್ಬಿಗಳನ್ನು ಸುರಕ್ಷಾ ಕ್ಯಾಪ್ ಹಾಕದೆ ಸಾಗಿಸಿದ್ದರು. ಬಿಸಿಯನ್ನೂ ಆಮ್ಲಜನಕವನ್ನೂ ಅವೇ ಕೊಟ್ಟವು. 110 ಜನ ಸತ್ತರು.

ಹಿನಕಲ್ ಹುಡುಗ

ಹೌದು ಸರ್, ಕೊನೇ ವರ್ಷ. ಟ್ಯಾಂಕ್ ಒಳಗೆ ಇಳಿದು ಕೆಲಸ ಮಾಡುವಾಗ ಗ್ಯಾಸ್ ಮೀಟರ್ ಸೊನ್ನೆ ತೋರಿಸಿದರೆ ಇಳಿಯಬಹುದು ಅಲ್ವಾ?

ಮಂಡಕಳ್ಳಿ ಹ್ಯಾಂಗರ್

ಆ ಸೊನ್ನೆಯನ್ನು ನಂಬಿ ಇಳಿಯಬೇಡಿ. ಆವಿ ಅಳೆಯುವ ಸಾಮಾನ್ಯ ಮೀಟರ್ ಒಳಗೆ ಒಂದು ಬಿಸಿ ಮಣಿ ಇರುತ್ತದೆ, ಅದರ ಮೇಲೆ ಆವಿಯನ್ನು ಸುಟ್ಟು ಅಳತೆ ಕೊಡುತ್ತದೆ. ಸುಡಲು ಅದಕ್ಕೂ ಆಮ್ಲಜನಕ ಬೇಕು. ಸಾರಜನಕ ತುಂಬಿದ ಟ್ಯಾಂಕಿನಲ್ಲಿ ಆಮ್ಲಜನಕ ಶೇ 10ರ ಆಸುಪಾಸಿಗೆ ಇಳಿದಿದ್ದರೆ ಆವಿ ತುಂಬಿಕೊಂಡಿದ್ದರೂ ಮೀಟರ್ ಕಡಿಮೆಯೇ ತೋರಿಸುತ್ತದೆ. ಅಂಥ ಗಾಳಿಯಲ್ಲಿ ಮನುಷ್ಯ ಎಚ್ಚರಿಕೆಯೇ ಸಿಗದೆ ಕುಸಿಯುತ್ತಾನೆ.

ಮೊದಲು ಆಮ್ಲಜನಕ ಅಳೆಯಿರಿ: ಶೇ 19.5ರಿಂದ 23.5ರ ಒಳಗಿರಬೇಕು. ಆಮೇಲೆ ಆವಿ, ಹೊತ್ತುವ ಕೆಳಮಿತಿಯ ಶೇ 10ಕ್ಕಿಂತ ಕಡಿಮೆ. ಬಾಯಿಯ ಹತ್ತಿರ ಒಂದು ಸಲ ಅಳೆದರೆ ಸಾಲದು, ನಳಿಕೆ ಇಳಿಬಿಟ್ಟು ತಳದಲ್ಲೂ ಟ್ಯಾಂಕಿನೊಳಗಿನ ಪಕ್ಕೆಲುಬಿನಂಥ ಅಡ್ಡಪಟ್ಟಿಗಳ ಮೂಲೆಯಲ್ಲೂ ನೋಡಬೇಕು, ಯಾಕೆಂದರೆ ಸೀಮೆಎಣ್ಣೆಯ ಆವಿ ಗಾಳಿಗಿಂತ ಭಾರ. ಗಾಳಿ ಊದುವ ಫ್ಯಾನ್ ಓಡುತ್ತಲೇ ಇರಲಿ, ಹೊರಗೆ ಒಬ್ಬರು ನಿಂತೇ ಇರಲಿ. ಊಟಕ್ಕೆ ಹೊರಬಂದು ಮತ್ತೆ ಇಳಿಯುವ ಮುಂಚೆಯೂ ಎರಡನ್ನೂ ಹೊಸದಾಗಿ ಅಳೆಯಬೇಕು.